ಮನೆಯ ಮೈಬಣ್ಣ: ಮಣ್ಣಿನಿಂದ ಡಬ್ಬಿಯವರೆಗೆ

ನಗರಗಳ ಹೊಸ ಬಡಾವಣೆಗಳಲ್ಲಿ ಒಂದು ಸುತ್ತು ಹಾಕಿದರೆ ಮನೆಗಳ ಹೊರಗೋಡೆಗಳಲ್ಲಿ ಎರಡು ಬಣ್ಣಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಗೋಡೆಯ ಹೆಚ್ಚಿನ ಭಾಗಕ್ಕೆ ಕೆನೆ ಅಥವಾ ಬಿಸ್ಕತ್ತು ಬಣ್ಣ. ಕಂಬ, ಕಿಟಕಿಯ ಅಂಚು, ಕಾಂಪೌಂಡ್ ಗೋಡೆಗಳಿಗೆ ಗಾಢ ಕಂದು. ಬಣ್ಣದ ಕಂಪನಿಗಳ ಶೇಡ್ ಕಾರ್ಡುಗಳಲ್ಲಿ ಇದರಲ್ಲಿ ಮೊದಲನೆಯದನ್ನು 'ಬೀಜ್' ಎಂದು ಕರೆಯುತ್ತಾರೆ. ಬಣ್ಣ ಹಾಕದ ಸಹಜ ಉಣ್ಣೆಗೆ ಫ್ರೆಂಚರು ಇಟ್ಟಿದ್ದ ಹೆಸರು ಅದು. ಕನ್ನಡದಲ್ಲಿ ಇದಕ್ಕೆ ಒಂದೇ ಪದವಿಲ್ಲ. ಕೆನೆ ಬಣ್ಣ, ಗೋಧಿ ಬಣ್ಣ, ಮಣ್ಣಿನ ಬಣ್ಣ ಎಂದು ಕಣ್ಣೆದುರಿಗಿರುವ ವಸ್ತುವನ್ನು ತೋರಿಸಿಯೇ ಹೇಳಬೇಕು.

ಹೀಗೆ ವಸ್ತುವಿನ ಮೂಲಕವೇ ಬಣ್ಣವನ್ನು ಗುರುತಿಸುವುದರ ಹಿಂದೆ ಒಂದು ಇತಿಹಾಸವೇ ಇದೆ. ಹೊಸ ಫ್ಯಾಷನ್ ಎಂಬಂತೆ ಕಾಣುವ ಈ ಬಣ್ಣಗಳು ನಮ್ಮ ನಾಡಿನ ಮನೆಗಳಿಗೆ ಹೊಸತೇನಲ್ಲ. ಒಂದು ಕಾಲಕ್ಕೆ ಗೋಡೆಯನ್ನು ಕಟ್ಟಿದ ಕಲ್ಲು ಮತ್ತು ಅದಕ್ಕೆ ಬಳಿದ ಮಣ್ಣೇ ಮನೆಯ ಬಣ್ಣವಾಗಿತ್ತು. ಆ ಮಣ್ಣಿನ ಲೇಪ ಮನೆಗೆ ಅಂದ ಕೊಡುವುದರ ಜೊತೆಗೆ ಗೋಡೆಯನ್ನು ಕಾಯುವ ಕೆಲಸವನ್ನೂ ಮಾಡುತ್ತಿತ್ತು. ಬಣ್ಣ ಡಬ್ಬಿಗೆ ಸೇರಿದ ಮೇಲೆ ಅಂದ ಉಳಿಯಿತು. ಆ ಇನ್ನೊಂದು ಕೆಲಸವನ್ನು ಬಹುಪಾಲು ಜನ ಮರೆತರು.

ಎಲ್ಲಕ್ಕೂ ಕಬ್ಬಿಣವೇ ಮೂಲ

ಮಣ್ಣಿನಲ್ಲಿ ಕಾಣುವ ಹಳದಿ, ಕೆಂಪು, ಕಂದು ಬಣ್ಣಗಳಿಗೆಲ್ಲ ಮುಖ್ಯ ಕಾರಣ ಕಬ್ಬಿಣ. ಕಬ್ಬಿಣದ ಆಕ್ಸೈಡಿನೊಂದಿಗೆ ನೀರಿನ ಅಂಶ ಸೇರಿಕೊಂಡಿದ್ದರೆ ಮಣ್ಣು ಹಳದಿಯಾಗಿ ಕಾಣುತ್ತದೆ. ಅದನ್ನು ಕಾಯಿಸಿದಾಗ ನೀರಿನಂಶ ಹೋಗಿ ಕೆಂಪಾಗುತ್ತದೆ. ಜೊತೆಗೆ ಮ್ಯಾಂಗನೀಸ್ ಇದ್ದರೆ ಗಾಢ ಕಂದು ಬರುತ್ತದೆ. ಯುರೋಪಿನ ಚಿತ್ರಕಾರರು ಬಳಸುವ 'ಸಿಯೆನ್ನಾ', 'ಅಂಬರ್' ಎಂಬ ಕಂದು ಬಣ್ಣಗಳೂ ಇದೇ ಕುಲಕ್ಕೆ ಸೇರಿದವು. ಇಟಲಿಯ ಸಿಯೆನಾ ಪಟ್ಟಣದ ಹೆಸರು ಇಂದಿಗೂ ಅಂಥ ಒಂದು ಮಣ್ಣಿಗೆ ಅಂಟಿಕೊಂಡಿದೆ.

ಮನೆಯ ಹೊರಗೋಡೆಗೆ ಈ ಬಣ್ಣಗಳೇ ಒಗ್ಗಿಬರಲು ಎರಡು ಕಾರಣಗಳಿದ್ದವು. ಗಿಡಮೂಲಿಕೆಗಳಿಂದ ತೆಗೆದ ಬಣ್ಣಗಳು ಬಿಸಿಲಿಗೆ ಬೇಗ ಮಾಸುತ್ತವೆ. ಕಬ್ಬಿಣದ ಆಕ್ಸೈಡ್ ಮಾಸುವುದಿಲ್ಲ. ಅನೇಕ ಬಣ್ಣಗಳನ್ನು ಸುಣ್ಣದ ಕ್ಷಾರ ಗುಣ ಕೆಡಿಸುತ್ತದೆ. ಮಣ್ಣಿನ ಬಣ್ಣಕ್ಕೆ ಅದರಿಂದಲೂ ಹಾನಿಯಿಲ್ಲ. ಹಸಿ ಸುಣ್ಣದ ಗಾರೆಯ ಮೇಲೆ ಬಳಿದ ಕೆಮ್ಮಣ್ಣು, ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಗಟ್ಟಿಯಾಗುತ್ತ ಹೋದಂತೆ ಅದರೊಳಗೇ ಬಂದಿಯಾಗುತ್ತದೆ. ಹೀಗಾಗಿ ಅಗ್ಗವಾಗಿ, ಕೈಗೆಟುಕುವ ದೂರದಲ್ಲಿ ಸಿಗುವ ಮಣ್ಣೇ ಬಾಳಿಕೆಯ ಬಣ್ಣವೂ ಆಯಿತು.

ಇಟ್ಟಿಗೆ ಕಲ್ಲಿನ ಕರಾವಳಿ

ಕಂದು ಬಣ್ಣದ ಮನೆಗಳ ಚರಿತ್ರೆಗೆ ಕರ್ನಾಟಕದ ಕರಾವಳಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಮಂಗಳೂರಿನಿಂದ ಕಾರವಾರದವರೆಗೂ ಅನೇಕ ಕಡೆ ನೆಲದಡಿಯಲ್ಲಿ ಸಿಗುವುದು ಮುರಕಲ್ಲು. ಇದಕ್ಕೆ ಜಂಬಿಟ್ಟಿಗೆ, ಚಿರೆಕಲ್ಲು, ಕೆಂಪುಕಲ್ಲು ಎಂಬ ಹೆಸರುಗಳೂ ಇವೆ. ನೆಲದೊಳಗೆ ಇರುವಾಗ ಕೊಡಲಿಯಿಂದ ಕಡಿಯುವಷ್ಟು ಮೆತ್ತಗಿರುವ ಈ ಕಲ್ಲು, ಹೊರತೆಗೆದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಹೊಸದಾಗಿ ಕಡಿದಾಗ ಹಳದಿ ಮಿಶ್ರಿತ ಕೆಂಪಾಗಿರುವ ಕಲ್ಲು ಮಳೆ-ಬಿಸಿಲುಗಳನ್ನು ಉಂಡು ವರ್ಷಗಳು ಕಳೆದಂತೆ ಗಾಢ ಕಂದಾಗುತ್ತದೆ.

ಈ ಕಲ್ಲಿಗೆ ವಿಜ್ಞಾನದ ಹೆಸರು ಸಿಕ್ಕಿದ ಪ್ರಸಂಗವೂ ಕುತೂಹಲಕರ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಮೈಸೂರು, ಕೆನರಾ, ಮಲಬಾರ್ ಪ್ರದೇಶಗಳನ್ನು ಸಮೀಕ್ಷೆ ಮಾಡಲು ಈಸ್ಟ್ ಇಂಡಿಯಾ ಕಂಪನಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳುಹಿಸಿತು. 1800-01ರಲ್ಲಿ ಸಂಚರಿಸಿದ ಅವನು ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಡಿದು ಕಟ್ಟಡಕ್ಕೆ ಬಳಸುವುದನ್ನು ಕಂಡ. ಸ್ಥಳೀಯ ಭಾಷೆಗಳಲ್ಲಿ ಇದಕ್ಕೆ 'ಇಟ್ಟಿಗೆ ಕಲ್ಲು' ಎನ್ನುತ್ತಾರೆಂದು ತಿಳಿದು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ 'ಲ್ಯಾಟರೈಟ್' ಎಂಬ ಹೆಸರನ್ನು ರೂಪಿಸಿದ. 1807ರಲ್ಲಿ ಪ್ರಕಟವಾದ ಅವನ ಪ್ರವಾಸ ಗ್ರಂಥದ ಮೂಲಕ ಆ ಹೆಸರು ಜಗತ್ತಿಗೆಲ್ಲ ಹಬ್ಬಿತು. ಇಂದು ಭೂವಿಜ್ಞಾನದ ಪಠ್ಯಗಳಲ್ಲಿರುವ ಪದವೊಂದು ನಮ್ಮ ಕಡೆಯ ಕಲ್ಲುಕುಟಿಗರ ಮಾತಿನ ಅನುವಾದ ಎನ್ನಬಹುದು.

ಕಾವಿ ಪಟ್ಟಿಯ ಲೆಕ್ಕಾಚಾರ

ಎಲ್ಲ ಗೋಡೆಗಳೂ ಬರಿಗಲ್ಲಾಗಿ ಉಳಿಯುತ್ತಿರಲಿಲ್ಲ. ಉಳ್ಳವರ ಮನೆಗಳಿಗೆ ಸುಣ್ಣದ ಗಾರೆ, ಉಳಿದವರ ಮನೆಗಳಿಗೆ ಮಣ್ಣಿನ ಸಾರಣೆ. ಎರಡರಲ್ಲೂ ಒಂದು ಕ್ರಮ ಸಾಮಾನ್ಯವಾಗಿ ಕಾಣುತ್ತಿತ್ತು. ಗೋಡೆಯ ಮೇಲ್ಭಾಗಕ್ಕೆ ಸುಣ್ಣದ ಬಿಳಿ ಅಥವಾ ತಿಳಿ ಬಣ್ಣ. ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಕೆಮ್ಮಣ್ಣಿನ ಕಾವಿ ಪಟ್ಟಿ. ಸೂರಿನಿಂದ ಬೀಳುವ ಮಳೆನೀರು ಅಂಗಳದ ಕೆಂಪು ಮಣ್ಣನ್ನು ಗೋಡೆಗೆ ಸಿಡಿಸುವುದು ಇಷ್ಟೇ ಎತ್ತರಕ್ಕೆ. ಕಲೆ ಕಾಣದಿರಲಿ ಎಂದು ಅಲ್ಲಿಗೆ ಮಣ್ಣಿನದೇ ಬಣ್ಣ ಬಳಿದರು. ಮೇಲಿನ ತಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳುಹಿಸಿ ಒಳಗೆ ತಂಪು ಉಳಿಸುತ್ತಿತ್ತು. ಈಗಿನ ಮನೆಗಳಲ್ಲಿ ಕೆಳಗೆ ಗಾಢ, ಮೇಲೆ ತಿಳಿ ಎಂದು ಬಣ್ಣ ಆರಿಸುವವರು ಗೊತ್ತಿಲ್ಲದೆಯೇ ಹಳೆಯ ಲೆಕ್ಕಾಚಾರವನ್ನು ಪಾಲಿಸುತ್ತಿದ್ದಾರೆ.

ಈ ಕೆಂಪು ಮಣ್ಣಿಗೆ ಕನ್ನಡದಲ್ಲಿ ಕಾವಿ, ಜಾಜು, ಹುರಮಂಜಿ ಎಂಬ ಹೆಸರುಗಳಿವೆ. ಇವುಗಳಲ್ಲಿ ಹುರಮಂಜಿ ದೂರದಿಂದ ಬಂದ ಪದ. ಪರ್ಷಿಯನ್ ಕೊಲ್ಲಿಯ ಬಾಯಿಯಲ್ಲಿರುವ ಹಾರ್ಮುಜ್ ದ್ವೀಪದ ಹೆಸರೇ ಇದರ ಮೂಲ ಎನ್ನುತ್ತಾರೆ. ಆ ದ್ವೀಪ ಅಪ್ಪಟ ಕೆಂಪು ಮಣ್ಣಿಗೆ ಹೆಸರುವಾಸಿ. ಹಿಂದಿಯ ಹಿರಮಿಜಿ, ಮರಾಠಿಯ ಹುರಮುಂಜಿ ಎಂಬ ಪದಗಳೂ ಅದೇ ದಾರಿಯಲ್ಲಿ ಬಂದವು. ಹಿತ್ತಿಲಲ್ಲೇ ಮಣ್ಣಿದ್ದರೂ ಒಳ್ಳೆಯ ಬಣ್ಣಕ್ಕಾಗಿ ಹಡಗು ಕಾಯುವವರು ಆಗಲೂ ಇದ್ದರೆಂದು ಈ ಪದಗಳಿಂದ ಊಹಿಸಬಹುದು.

ಕಾವಿಯನ್ನು ಕಲೆಯ ಮಟ್ಟಕ್ಕೆ ಏರಿಸಿದ್ದು ಗೋವಾ, ಉತ್ತರ ಕನ್ನಡ ಮತ್ತು ಉಡುಪಿ ಕಡೆಯ ಕುಶಲಕರ್ಮಿಗಳು. ಕಪ್ಪೆಚಿಪ್ಪು ಸುಟ್ಟು ಮಾಡಿದ ಸುಣ್ಣಕ್ಕೆ ಮರಳು, ಬೆಲ್ಲ ಸೇರಿಸಿ ಹದಗೊಳಿಸಿ ಗೋಡೆಗೆ ಹಚ್ಚುತ್ತಿದ್ದರು. ಅದರ ಮೇಲೆ ಕೆಮ್ಮಣ್ಣಿನ ತೆಳು ಲೇಪ. ಲೇಪ ಹಸಿಯಾಗಿರುವಾಗಲೇ ಮೊನಚಾದ ಉಪಕರಣಗಳಿಂದ ಕೆರೆದರೆ ಕೆಳಗಿನ ಬಿಳಿ ಮೂಡಿ ಹೂಬಳ್ಳಿ, ದೇವತೆಗಳು, ಪ್ರಾಣಿಗಳು ಅರಳುತ್ತಿದ್ದವು. ಸಮುದ್ರದ ಉಪ್ಪುಗಾಳಿ, ಜಡಿಮಳೆಗಳ ನಡುವೆಯೂ ಕೆಲವು ದೇವಾಲಯಗಳಲ್ಲಿ ಈ ಚಿತ್ರಗಳು ಉಳಿದುಬಂದಿವೆ. ಇವುಗಳನ್ನು ಹುಡುಕಿ ದಾಖಲಿಸಿದವರಲ್ಲಿ ವಿಜ್ಞಾನಿ, ಲೇಖಕ ಕೃಷ್ಣಾನಂದ ಕಾಮತರು ಪ್ರಮುಖರು. ಜೀರ್ಣೋದ್ಧಾರದ ಹೆಸರಿನಲ್ಲಿ ಗೋಡೆ ಕೆಡವಿದಾಗ, ಟೈಲ್ಸ್ ಅಂಟಿಸಿದಾಗ ಅಳಿದುಹೋದ ಚಿತ್ರಗಳು ಮಾತ್ರ ಮರಳಿ ಬರುವಂತಿಲ್ಲ.

ಘಟ್ಟದ ಮೇಲೆ ಸಾಗರ, ಸೊರಬ ಸೀಮೆಯ ದೀವರ ಮನೆಗಳಲ್ಲಿ ಇದೇ ಕೆಮ್ಮಣ್ಣು ಬೇರೊಂದು ರೂಪ ತಾಳಿತು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹೆಂಗಸರು ಅಕ್ಕಿ ಹಿಟ್ಟಿನ ಬಿಳಿಯನ್ನು ಪುಂಡಿ ನಾರಿನ ಕುಂಚದಲ್ಲಿ ಅದ್ದಿ ಗೆರೆ ಎಳೆಯುವ ಹಸೆ ಚಿತ್ತಾರ ಈಗ ನಾಡಿನಾಚೆಗೂ ಪರಿಚಿತ. ಬಯಲುಸೀಮೆಯಲ್ಲಿ ಮಣ್ಣು ಬದಲಾದಂತೆ ಮನೆಯ ಬಣ್ಣವೂ ಬದಲಾಯಿತು. ಎರೆಮಣ್ಣು ಒಣಗಿದಾಗ ಬಿರಿಯುವುದರಿಂದ ಗೋಡೆಗೆ ಒಗ್ಗದು. ಬಾದಾಮಿ, ಐಹೊಳೆಗಳಲ್ಲಿ ಚಾಲುಕ್ಯರ ಗುಡಿಗಳಿಗೆ ಒದಗಿದ ಕೆಂಗಂದು ಮರಳುಗಲ್ಲೇ ಊರಿನ ಮನೆಗಳ ಗೋಡೆಗೂ ಒದಗಿತು.

ಹೆಂಚು ಬಂತು, ಸಿಮೆಂಟ್ ಬಂತು

ಗೋಡೆಯ ಕಂದು ಬಣ್ಣ ಮಾಡಿಗೂ ಏರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅಲ್ಲಿಯವರೆಗೆ ಹೆಚ್ಚಿನ ಮನೆಗಳಿಗೆ ಮುಳಿಹುಲ್ಲು, ಸೋಗೆ ಅಥವಾ ನಾಡಹೆಂಚಿನ ಹೊದಿಕೆ ಇರುತ್ತಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1865ರಲ್ಲಿ ಅಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಜಾರ್ಜ್ ಪ್ಲೆಬ್ಸ್ಟ್ ಅದರ ರೂವಾರಿ. ನೇತ್ರಾವತಿ ಕಡೆಯ ಜೇಡಿಮಣ್ಣನ್ನು ಅಚ್ಚಿಗೆ ಹಾಕಿ ಒತ್ತಿ, ಗೂಡಿನಲ್ಲಿ ಸುಟ್ಟಾಗ ಅದರಲ್ಲಿನ ಕಬ್ಬಿಣ ಹೆಂಚಿಗೆ ಕೆಂಪು ಕೊಟ್ಟಿತು. ಒಂದಕ್ಕೊಂದು ಕೊಂಡಿಯಂತೆ ಕೂರುವ ಈ ಹೆಂಚು ದೇಶದ ಉದ್ದಗಲಕ್ಕೂ, ಹಡಗೇರಿ ವಿದೇಶಗಳಿಗೂ ಹೋಯಿತು. ಬೆಂಗಳೂರಿನಲ್ಲಿ 1868ರಲ್ಲಿ ಪೂರ್ಣಗೊಂಡ ಅಠಾರಾ ಕಚೇರಿ, 1915ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನಗಳು ಮಣ್ಣುಗೆಂಪು ಬಣ್ಣವನ್ನು ನಗರದ ಗುರುತನ್ನಾಗಿಸಿದವು. 1980ರ ದಶಕದಲ್ಲಿ ಅಠಾರಾ ಕಚೇರಿಯನ್ನು ಕೆಡವುವ ಪ್ರಸ್ತಾಪ ಬಂದಾಗ ನಾಗರಿಕರು ವಿರೋಧಿಸಿದರು, ಕಟ್ಟಡ ಉಳಿಯಿತು.

ದೊಡ್ಡ ಬದಲಾವಣೆ ತಂದದ್ದು ಸಿಮೆಂಟ್. ಇಂಗ್ಲೆಂಡಿನಲ್ಲಿ 1824ರಲ್ಲಿ ಪೇಟೆಂಟ್ ಪಡೆದ ಪೋರ್ಟ್‌ಲ್ಯಾಂಡ್ ಸಿಮೆಂಟನ್ನು 1914ರಲ್ಲಿ ಗುಜರಾತಿನ ಪೋರಬಂದರಿನ ಕಾರ್ಖಾನೆ ಇಲ್ಲಿಯೇ ತಯಾರಿಸತೊಡಗಿತು. ಸ್ವಾತಂತ್ರ್ಯಾನಂತರ ಅದು ಹಳ್ಳಿಹಳ್ಳಿಗೂ ತಲುಪಿತು. ಸುಣ್ಣ ಅರೆಯುವ ಗಾಣಗಳು ನಿಂತವು. ಗೋಡೆಗೆ ಮೊದಲು ಸಿಮೆಂಟ್ ಬಣ್ಣ, ಆಮೇಲೆ ಪ್ಲಾಸ್ಟಿಕ್ ಅಂಶವಿರುವ ಎಮಲ್ಷನ್ ಬಂದವು. ವಿಶೇಷವೆಂದರೆ ಇಂದಿನ ಬೀಜ್, ಕಂದು ಬಣ್ಣಗಳ ಡಬ್ಬಿಯಲ್ಲೂ ಇರುವುದು ಬಹುತೇಕ ಅದೇ ಕಬ್ಬಿಣದ ಆಕ್ಸೈಡ್. ಟೈಟಾನಿಯಂ ಬಿಳಿಗೆ ಹಳದಿ, ಕೆಂಪು, ಕಪ್ಪು ಆಕ್ಸೈಡುಗಳ ಕೆಲವು ಹನಿ ಬೆರೆಸಿದರೆ ಕೆನೆಯಿಂದ ಕಾಫಿಯವರೆಗಿನ ಛಾಯೆಗಳೆಲ್ಲ ಸಿದ್ಧ.

ಉಸಿರುಗಟ್ಟಿದ ಗೋಡೆ

ಬಣ್ಣದ ಮೂಲ ಒಂದೇ ಆದರೂ ಅದರ ಕೆಳಗಿನ ಲೇಪ ಒಂದೇ ಅಲ್ಲ. ಮುರಕಲ್ಲು ಸಣ್ಣ ರಂಧ್ರಗಳಿಂದ ತುಂಬಿದ ಕಲ್ಲು. ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕರಾವಳಿಯಲ್ಲಿ ಅದು ನೀರು ಹೀರದೇ ಇರದು. ಸುಣ್ಣದ ಗಾರೆ ಆ ತೇವ ಮತ್ತೆ ಆವಿಯಾಗಿ ಹೊರಹೋಗಲು ಬಿಡುತ್ತದೆ. ಗಟ್ಟಿ ಸಿಮೆಂಟಿನ ಗಿಲಾವು, ಅದರ ಮೇಲಿನ ಪ್ಲಾಸ್ಟಿಕ್ ಬಣ್ಣ ಬಿಡುವುದಿಲ್ಲ. ಸಿಕ್ಕಿಬಿದ್ದ ತೇವ ಉಪ್ಪನ್ನು ಹೊತ್ತು ಗಿಲಾವಿನ ಹಿಂದೆ ಸೇರುತ್ತದೆ. ಕೆಲವು ಮಳೆಗಾಲಗಳಲ್ಲಿ ಬಣ್ಣ ಉಬ್ಬಿ, ಗಿಲಾವು ಹೊಪ್ಪಳಿಕೆಯಾಗಿ ಎದ್ದು ಬರುತ್ತದೆ. ಹಳೆಯ ಮನೆಗೆ ಹೊಸ ಅಂದ ಕೊಡಲು ಹೊರಟವರು ಗೋಡೆಗೇ ಸಂಚಕಾರ ತರುವುದು ಹೀಗೆ. ಬಣ್ಣ ಹಚ್ಚಿದವನ ಮೇಲೆ ದೂರು ಹೇಳಿ ಮತ್ತೆ ಅದೇ ಬಣ್ಣ ಬಳಿಸುವವರೇ ಹೆಚ್ಚು.

ಇದಕ್ಕೆ ಉತ್ತರ ಹುಡುಕಿದವರೂ ಇದ್ದಾರೆ. ಕೇರಳದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್, ಗಿಲಾವು ಮಾಡದ ಇಟ್ಟಿಗೆ ಗೋಡೆಯೇ ಚೆಂದ ಮತ್ತು ಅಗ್ಗ ಎಂದು ನೂರಾರು ಕಟ್ಟಡಗಳಲ್ಲಿ ತೋರಿಸಿಕೊಟ್ಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ, ಮಣ್ಣಿಗೆ ಸ್ವಲ್ಪ ಪ್ರಮಾಣದ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ ತಯಾರಿಸುವ ಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತಂದಿತು. ಈ ಇಟ್ಟಿಗೆಯನ್ನು ಸುಡಬೇಕಿಲ್ಲ, ಗೋಡೆಗೆ ಬಣ್ಣ ಹಚ್ಚಲೇಬೇಕೆಂದೂ ಇಲ್ಲ. ಇಂಥ ಮನೆಗಳು ನಗರದಲ್ಲಿ ಎದ್ದಾಗ ಕಂದು ಬಣ್ಣ ಮತ್ತೆ ಗೋಡೆಯದೇ ಬಣ್ಣವಾಯಿತು.

ಮನೆಗೆ ಈ ಬಣ್ಣಗಳನ್ನು ಬಯಸುವವರಿಗೆ ಇತಿಹಾಸದಲ್ಲಿ ಸರಳ ಪಾಠಗಳಿವೆ. ಹಳೆಯ ಮುರಕಲ್ಲು ಅಥವಾ ಮಣ್ಣಿನ ಗೋಡೆಯಾದರೆ ಸುಣ್ಣದ ಗಾರೆ, ಕೆಮ್ಮಣ್ಣು ಬೆರೆಸಿದ ಸುಣ್ಣವೇ ಕ್ಷೇಮ. ಹೊಸ ಸಿಮೆಂಟ್ ಗೋಡೆಯಾದರೆ ಡಬ್ಬಿಯ ಬಣ್ಣ ಬಳಸಬಹುದು. ಆದರೆ ಬಿಸಿಲು ಬೀಳುವ ದೊಡ್ಡ ಗೋಡೆಗೆ ತಿಳಿ ಬಣ್ಣ, ನೆಲದಂಚಿಗೆ ಗಾಢ ಬಣ್ಣ ಎಂಬ ಹಿರಿಯರ ಕ್ರಮ ಈಗಲೂ ಸರಿಯೇ. ಎರಡರ ನಡುವೆ ಮರದ ಬಾಗಿಲು, ಹೆಂಚಿನ ಮಾಡು ಇದ್ದರೆ ಬೇರೆ ಅಲಂಕಾರದ ಅಗತ್ಯವಿಲ್ಲ. ಗೋಡೆಯ ಒಳಗೇನಿದೆ ಎಂದು ತಿಳಿದ ಮೇಲೆ ಹೊರಗಿನ ಬಣ್ಣ ಆರಿಸುವುದು ನಮ್ಮ ಹಿರಿಯರ ವಾಡಿಕೆ. ಈಗ ಅಂಗಡಿಯಲ್ಲಿ ನೂರೆಂಟು ಛಾಯೆಗಳು ಸಿಗುವುದರಿಂದ ಆ ವಾಡಿಕೆಯ ಅಗತ್ಯ ಹೆಚ್ಚಾಗಿದೆಯೇ ಹೊರತು ಕಡಿಮೆಯಾಗಿಲ್ಲ.