ಕ್ರಾನ್

ಯುನಿಕ್ಸ್ ಮಾದರಿಯ ಕಾರ್ಯಾಚರಣೆ ವ್ಯವಸ್ಥೆಗಳಲ್ಲಿ ಆದೇಶಗಳನ್ನು ನಿಗದಿತ ವೇಳೆಗೆ ತಾನಾಗಿಯೇ ನಡೆಸುವ ಹಿನ್ನೆಲೆ ತಂತ್ರಾಂಶ. ಬೆಲ್ ಲ್ಯಾಬ್ಸ್ 1979ರಲ್ಲಿ ಹೊರತಂದ ಯುನಿಕ್ಸ್‌ನ 7ನೇ ಆವೃತ್ತಿಯಲ್ಲಿ ಇದಿತ್ತು. ಪಾಲ್ ವಿಕ್ಸಿ 1987ರಲ್ಲಿ ಬರೆದ ರೂಪ ಹಾಗೂ ಅದರಿಂದ ಬೆಳೆದ ರೂಪಗಳು ಲಿನಕ್ಸ್ ಮತ್ತು ಬಿಎಸ್‌ಡಿ ವ್ಯವಸ್ಥೆಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿವೆ.

ಕೆಲಸಗಳ ಪಟ್ಟಿ ಇರುವ ಕಡತಕ್ಕೆ ಕ್ರಾನ್‌ಟ್ಯಾಬ್ ಎಂದು ಹೆಸರು. ಅದರ ಪ್ರತಿ ಸಾಲಿನಲ್ಲಿ ನಿಮಿಷ, ಗಂಟೆ, ತಿಂಗಳ ದಿನ, ತಿಂಗಳು, ವಾರದ ದಿನ ಎಂಬ ಐದು ಅಂಕಣಗಳೂ ಕೊನೆಗೆ ಆದೇಶವೂ ಇರುತ್ತವೆ. ‘30 2 * * 1’ ಎಂದರೆ ಪ್ರತಿ ಸೋಮವಾರ ನಸುಕಿನ 2:30. ನಕ್ಷತ್ರ ಚಿಹ್ನೆ ‘ಯಾವುದಾದರೂ ಸರಿ’ ಎಂಬುದನ್ನು ಸೂಚಿಸುತ್ತದೆ. ತಿಂಗಳ ದಿನ, ವಾರದ ದಿನ ಎರಡನ್ನೂ ನಮೂದಿಸಿದರೆ, ಎರಡರಲ್ಲಿ ಒಂದು ಹೊಂದಿದರೂ ಕೆಲಸ ನಡೆಯುತ್ತದೆ. ಐದು ಅಂಕಣಗಳ ಪೈಕಿ ಕೊನೆಯ ಮೂರರಲ್ಲಿ ‘13 * 5’ ಎಂದು ಬರೆದರೆ 13ನೇ ತಾರೀಖಿನ ಶುಕ್ರವಾರದಂದು ಮಾತ್ರವಲ್ಲ, ಪ್ರತಿ 13ರಂದೂ ಪ್ರತಿ ಶುಕ್ರವಾರವೂ ಆದೇಶ ಓಡುತ್ತದೆ.

ಒಮ್ಮೆ ಮಾತ್ರ ನಡೆಯಬೇಕಾದ ಕೆಲಸಕ್ಕೆ ‘ಆ್ಯಟ್’ ಆದೇಶವಿದೆ; ಯಂತ್ರದ ಹೊರೆ ತಗ್ಗುವವರೆಗೆ ಕಾಯಬಹುದಾದ ಕೆಲಸಕ್ಕೆ ‘ಬ್ಯಾಚ್’. ಕಂಪ್ಯೂಟರ್ ಆಫ್ ಆಗಿದ್ದಾಗ ತಪ್ಪಿದ ಕೆಲಸವನ್ನು ಸಾಮಾನ್ಯ ಕ್ರಾನ್ ಮತ್ತೆ ನಡೆಸುವುದಿಲ್ಲ. ದಿನ, ವಾರ, ತಿಂಗಳಿಗೊಮ್ಮೆ ಮಾಡುವ ಇಂಥ ಕೆಲಸಗಳಿಗೆ ಅನಾಕ್ರಾನ್ ಬಳಸಲಾಗುತ್ತದೆ. ಇಂದಿನ ಅನೇಕ ಲಿನಕ್ಸ್ ವಿತರಣೆಗಳಲ್ಲಿ ಸಿಸ್ಟಂಡಿ ಟೈಮರ್‌ಗಳೂ ಲಭ್ಯ.

ಕ್ರಾನ್ ನಡೆಸುವ ಆದೇಶಗಳಿಗೆ ಬಳಕೆದಾರರ ಲಾಗಿನ್ ಪರಿಸರ ಪೂರ್ತಿಯಾಗಿ ಸಿಗುವುದಿಲ್ಲವಾದ್ದರಿಂದ, ಕ್ರಾನ್‌ಟ್ಯಾಬ್‌ನಲ್ಲಿ ಆದೇಶದ ಪೂರ್ಣ ಕಡತಮಾರ್ಗವನ್ನು ಬರೆಯುವುದು ಸುರಕ್ಷಿತ.