ನೆರೆಮನೆಯ ರೇಡಿಯೊ ಕಾಟಕ್ಕೆ ಕಡಿವಾಣ ಹಾಕುವವರು ಯಾರು?

ಪಕ್ಕದ ಮನೆಯ ಚರಂಡಿ ನೀರು ನಮ್ಮ ಅಂಗಳಕ್ಕೆ ಹರಿದರೆ ಪಂಚಾಯಿತಿಗೆ ದೂರು ಕೊಡುತ್ತೇವೆ. ರಾತ್ರಿಯೆಲ್ಲ ಮೈಕ್ ಅರಚಿದರೆ ಪೊಲೀಸರಿಗೆ ಹೇಳುತ್ತೇವೆ. ಆದರೆ ನೆರೆಮನೆಯಿಂದ ಬರುವ ಕಾಟ ಕಣ್ಣಿಗೆ ಕಾಣದ ರೇಡಿಯೊ ತರಂಗವಾಗಿದ್ದರೆ? ಅಮೆರಿಕದ ಸಣ್ಣ ಊರುಗಳು ಈ ಪ್ರಶ್ನೆಯ ಜತೆ ಎಪ್ಪತ್ತಕ್ಕೂ ಹೆಚ್ಚು ವರ್ಷ ಗುದ್ದಾಡಿವೆ.

1920ರ ದಶಕದಲ್ಲಿ ಅಲ್ಲಿ ಮನೆಮನೆಗೆ ರೇಡಿಯೊ ಬಂತು. ಜತೆಗೇ ಗರಗರ ಸದ್ದಿನ ತಕರಾರೂ ಬಂತು. ಕೆಂಟುಕಿ ರಾಜ್ಯದ ವಿಲ್ಮೋರ್ ಎಂಬ ಪುಟ್ಟ ಪಟ್ಟಣ ಹವ್ಯಾಸಿ ರೇಡಿಯೊದವರಿಗೆ ಲೈಸೆನ್ಸ್ ಶುಲ್ಕ ಹಾಕಿತು. 1927ರಲ್ಲಿ ಫೆಡರಲ್ ಕೋರ್ಟ್ ಅದನ್ನು ರದ್ದು ಮಾಡಿತು. ತರಂಗ ಊರಗಡಿಯಲ್ಲಿ ನಿಲ್ಲುವುದಿಲ್ಲ, ರಾಜ್ಯದ ಗಡಿಯನ್ನೂ ದಾಟುತ್ತದೆ. ಹಾಗಾಗಿ ಅದು ಊರಿನ ವಿಷಯವಲ್ಲ ಎಂಬುದು ಕೋರ್ಟಿನ ವಾದ. 1934ರಿಂದ ಈ ಅಧಿಕಾರ ಎಫ್‌ಸಿಸಿ ಎಂಬ ಕೇಂದ್ರ ಆಯೋಗದ ಕೈಯಲ್ಲಿದೆ.

ನಿಜವಾದ ಬೀದಿಜಗಳ ಶುರುವಾದದ್ದು 1970ರ ದಶಕದಲ್ಲಿ, ಸಿಬಿ ರೇಡಿಯೊದಿಂದ. 1973ರ ತೈಲ ಬಿಕ್ಕಟ್ಟಿನಲ್ಲಿ ಡೀಸೆಲ್ ಎಲ್ಲಿ ಸಿಗುತ್ತದೆ, ಪೊಲೀಸರು ಎಲ್ಲಿ ನಿಂತಿದ್ದಾರೆ ಎಂದು ಲಾರಿ ಚಾಲಕರು ಇದರಲ್ಲೇ ಮಾತಾಡಿಕೊಳ್ಳುತ್ತಿದ್ದರು. ಆಮೇಲೆ ಅದು ಮನೆಗಳಿಗೂ ಬಂತು. ಮಾಮೂಲಿ ಸಿಬಿ ಸೆಟ್ಟಿಗೆ ಕಾನೂನಿನ ಮಿತಿ ಬರೀ 4 ವ್ಯಾಟ್. ಕೆಲವರು ಕದ್ದುಮುಚ್ಚಿ ಆಂಪ್ಲಿಫೈಯರ್ ಜೋಡಿಸಿ ನೂರಾರು ವ್ಯಾಟ್ ಹೊಡೆಯುತ್ತಿದ್ದರು. ಆಗ ಪಕ್ಕದ ಮನೆಯ ಟಿವಿಯಲ್ಲಿ ಗೆರೆ ಗೆರೆ, ಫೋನಿನಲ್ಲಿ ಯಾರದ್ದೋ ಮಾತು!

ಜನ ಪೊಲೀಸರ ಬಳಿ ಹೋದರೆ, "ಇದು ನಮ್ಮ ಕೈಯಲ್ಲಿಲ್ಲ" ಎನ್ನುವಂಥ ಸ್ಥಿತಿ. 1982ರ ತಿದ್ದುಪಡಿಯಂತೂ ರೇಡಿಯೊ ಅಡಚಣೆಯ ವಿಷಯ ಪೂರ್ತಿ ಎಫ್‌ಸಿಸಿಗೇ ಸೇರಿದ್ದು ಎಂದು ಖಚಿತಪಡಿಸಿತು. ಕಾಟ ಪಕ್ಕದ ಮನೆಯಲ್ಲಿ, ಕೇಳುವ ಅಧಿಕಾರಿ ದೂರದ ಪಟ್ಟಣದಲ್ಲಿ. ಕಾನ್ಸಾಸ್‌ನ ಜಾನ್ಸನ್ ಕೌಂಟಿ ತನ್ನ ಪೊಲೀಸ್, ಅಗ್ನಿಶಾಮಕ ರೇಡಿಯೊಗೆ ಮೊಬೈಲ್ ಟವರ್‌ನಿಂದ ಅಡ್ಡಿಯಾಗಬಾರದು ಎಂದು ನಿಯಮ ಮಾಡಿತ್ತು. 1999ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನೂ ಒಪ್ಪಲಿಲ್ಲ.

ಕೊನೆಗೆ ದಾರಿ ತೆರೆದದ್ದು 2000ದಲ್ಲಿ. ವಿಸ್ಕಾನ್ಸಿನ್ ಸೆನೆಟರ್ ರಸ್ ಫೈನ್‌ಗೋಲ್ಡ್ ಇದರ ಬೆನ್ನು ಹತ್ತಿದ್ದರು. ಆ ನವೆಂಬರ್‌ನಲ್ಲಿ ಬಂದ ಕಾನೂನು ಊರು, ಕೌಂಟಿ, ರಾಜ್ಯಗಳಿಗೆ ಒಂದು ಅಧಿಕಾರ ಕೊಟ್ಟಿತು: ಎಫ್‌ಸಿಸಿ ಅನುಮತಿ ಇಲ್ಲದ ಸಿಬಿ ಉಪಕರಣ ಬಳಸುವವರ ಮೇಲೆ, ಅನುಮತಿ ಇಲ್ಲದ ತರಂಗಾಂತರದಲ್ಲಿ ಮಾತಾಡುವವರ ಮೇಲೆ ಸ್ಥಳೀಯವಾಗಿಯೇ ಕ್ರಮ ತೆಗೆದುಕೊಳ್ಳಬಹುದು. ಲೈಸೆನ್ಸ್ ಇರುವ ಹ್ಯಾಮ್ ರೇಡಿಯೊದವರನ್ನು ಮುಟ್ಟುವಂತಿಲ್ಲ. ಅನ್ಯಾಯವಾಯಿತು ಎನಿಸಿದವರು 30 ದಿನದೊಳಗೆ ಎಫ್‌ಸಿಸಿಗೆ ಮೇಲ್ಮನವಿ ಹೋಗಬಹುದು.

ಗಮನಿಸಿ, ನಿಯಮ ಬರೆಯುವ ಅಧಿಕಾರ ಕೇಂದ್ರದಲ್ಲೇ ಉಳಿಯಿತು. ಇದ್ದ ನಿಯಮವನ್ನು ಜಾರಿ ಮಾಡುವ ಕೆಲಸ ಮಾತ್ರ ಊರಿಗೆ ಬಂತು.

ನಮ್ಮಲ್ಲೂ ವೈರ್‌ಲೆಸ್, ಪ್ರಸಾರ ಎರಡೂ ಸಂವಿಧಾನದ ಕೇಂದ್ರ ಪಟ್ಟಿಯ 31ನೇ ನಮೂದಿನಲ್ಲಿವೆ. ಗ್ರಾಮ ಪಂಚಾಯಿತಿ ಇದರ ಬಗ್ಗೆ ಕಾನೂನು ಮಾಡುವಂತಿಲ್ಲ. ಅದು ಸರಿಯೇ. ಊರಿಗೊಂದು ನಿಯಮವಾದರೆ ರೇಡಿಯೊ ನಡೆಯುವುದಿಲ್ಲ. ಆದರೆ ಕಾನೂನು ದಿಲ್ಲಿಯಲ್ಲಿದ್ದರೂ ದೂರು ಕೇಳುವ ಕಿವಿ ಊರ ಹತ್ತಿರ ಇರಬೇಕು. ಇದು ರೇಡಿಯೊಗೆ ಮಾತ್ರ ಹೇಳುವ ಮಾತಲ್ಲ.