ಹೈದರಾಬಾದಿನ ರೆಸಿಡೆನ್ಸಿ: ಬೇಹು, ಪ್ರಣಯ ಮತ್ತು ಚಾರಿತ್ರಿಕ ಕಾದಂಬರಿ

ನೆಪೋಲಿಯನ್ನನ ಕಾಲದ ಗೂಢಚಾರರನ್ನು ಕುರಿತ ಪ್ರಣಯ ಕಾದಂಬರಿಗಳೆಂದೊಡನೆ ಪ್ಯಾರಿಸ್, ಲಂಡನ್ ನಗರಗಳು ನೆನಪಿಗೆ ಬರುವುದು ಸಹಜ. ಆದರೆ ಅಂಥ ಕೃತಿಗೆ ಬೇಕಾದ ಸಾಮಗ್ರಿಯೆಲ್ಲವೂ ಮೂಸಿ ನದಿಯ ದಂಡೆಯಲ್ಲಿಯೂ ಇತ್ತು. ಅದರ ಪರಿಣಾಮ ಕನ್ನಡ ನಾಡಿನ ಚರಿತ್ರೆಯನ್ನೂ ತಟ್ಟಿತೆಂಬುದು ಇಲ್ಲಿ ವಿಚಾರಾರ್ಹ.

1798ರಲ್ಲಿ ನಿಜಾಮನ ಸೇವೆಯಲ್ಲಿ ಸುಮಾರು 14,000 ಯೋಧರ ಫ್ರೆಂಚ್ ಪಡೆಯಿತ್ತು. ಅದನ್ನು ಕಟ್ಟಿದ ರೇಮಂಡನು ಆ ವರ್ಷದ ಮಾರ್ಚ್‌ನಲ್ಲಿ ತೀರಿಕೊಂಡನು. ಅದೇ ವರ್ಷದ ಜನವರಿಯಲ್ಲಿ ಟಿಪ್ಪುವಿನ ರಾಯಭಾರಿಗಳು ಮಾರಿಷಸ್‌ನಲ್ಲಿದ್ದರು. ಜುಲೈಯಲ್ಲಿ ಬೋನಪಾರ್ಟೆ ಈಜಿಪ್ಟಿನಲ್ಲಿ ಇಳಿದನು. ಈ ಮೂರು ಎಳೆಗಳೂ ಒಂದಾದಾವೆಂಬ ಭೀತಿ ಆಂಗ್ಲರನ್ನು ಕಾಡಿತು. ರೆಸಿಡೆಂಟ್ ಜೇಮ್ಸ್ ಅಕಿಲೀಸ್ ಕಿರ್ಕ್‌ಪ್ಯಾಟ್ರಿಕ್ ದರ್ಬಾರಿನಲ್ಲಿ ಸುದ್ದಿಗಾರರನ್ನು ಇಟ್ಟುಕೊಂಡು, ಸೆಪ್ಟೆಂಬರಿನಲ್ಲಿ ಒಪ್ಪಂದವನ್ನು ಸಾಧಿಸಿದನು. ಅಕ್ಟೋಬರಿನಲ್ಲಿ ಫ್ರೆಂಚ್ ಪಡೆಯನ್ನು ನಿಶ್ಶಸ್ತ್ರಗೊಳಿಸಲಾಯಿತು. 1799ರ ಜನವರಿಯಲ್ಲಿ ಬೋನಪಾರ್ಟೆ ಟಿಪ್ಪುವಿಗೆ ಬರೆದ ಪತ್ರವೂ ಆಂಗ್ಲರ ಕೈಸೇರಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ, ಮುತ್ತಿಗೆ ಹಾಕಿದವರಲ್ಲಿ ಮೀರ್ ಆಲಮನ ನೇತೃತ್ವದ ನಿಜಾಮನ ಸೇನೆಯೂ ಇತ್ತು. ಹೈದರಾಬಾದಿನಲ್ಲಿ ಫ್ರೆಂಚರ ಬಲ ಮುರಿಯದೆ ಇದು ಸುಲಭವಾಗುತ್ತಿರಲಿಲ್ಲ.

ಇದೇ ಮೀರ್ ಆಲಮನ ಬಂಧುವರ್ಗಕ್ಕೆ ಸೇರಿದ ಖೈರುನ್ನೀಸಾಳನ್ನು ಕಿರ್ಕ್‌ಪ್ಯಾಟ್ರಿಕ್ ಮುಸ್ಲಿಂ ಪದ್ಧತಿಯಂತೆ ವಿವಾಹವಾದನು. ಇತರರ ಗುಟ್ಟು ಅರಿಯುತ್ತಿದ್ದವನ ಗುಟ್ಟೇ ಈಗ ರಾಜಕೀಯ ಸಂಶಯಕ್ಕೆ ಎಡೆಯಾಯಿತು. 1801ರಲ್ಲಿ ಮದ್ರಾಸಿನಲ್ಲಿ ರಹಸ್ಯ ವಿಚಾರಣೆ ನಡೆಯಿತು. ಅಲ್ಲಿ ಸಾಕ್ಷ್ಯ ನುಡಿದವರು ಆಂಗ್ಲ ಅಧಿಕಾರಿಗಳು. 1805ರಲ್ಲಿ ಇಬ್ಬರು ಮಕ್ಕಳನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಅದೇ ಅಕ್ಟೋಬರಿನಲ್ಲಿ ಕಿರ್ಕ್‌ಪ್ಯಾಟ್ರಿಕ್ ಕಲ್ಕತ್ತೆಯಲ್ಲಿ ಮೃತನಾದನು. ತಾಯಿ ಮಕ್ಕಳನ್ನು ಮತ್ತೆ ಕಾಣಲಿಲ್ಲ.

ಈ ಲೋಕಕ್ಕೂ ಕಾದಂಬರಿಗೂ ಇರುವ ನಂಟು ಕುತೂಹಲಕರವಾದುದು. ಖೈರುನ್ನೀಸಾಳ ಗೆಳತಿ ಫೈಜ್ ಬಕ್ಷಳ ಮಗ, ಹೈದರಾಬಾದಿನ ಲೇವಾದೇವಿಗಾರ ವಿಲಿಯಂ ಪಾಮರ್. ಅವನ ಅಳಿಯನೇ ನಿಜಾಮನ ಸೇವೆಯಲ್ಲಿದ್ದ, ಮುಂದೆ ಸುರಪುರದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್. ಮೈಸೂರು ಯುದ್ಧವನ್ನು ಕುರಿತ ಅವನ ‘ಟಿಪ್ಪೂ ಸುಲ್ತಾನ್’ ಎಂಬ ರಮ್ಯ ಕಾದಂಬರಿ 1840ರಲ್ಲಿ ಪ್ರಕಟವಾಯಿತು. ಮಿಶ್ರ ಕುಟುಂಬದ ಒಡನಾಟವಿದ್ದೂ ಟಿಪ್ಪುವಿನ ಚಿತ್ರಣದಲ್ಲಿ ಅವನು ವಿಜೇತರ ದೃಷ್ಟಿಯನ್ನು ಮೀರಲಿಲ್ಲವೆಂಬುದು ಗಮನಾರ್ಹ.

ಆದುದರಿಂದ ಬೇಹಿನ ವರದಿ, ವಿಚಾರಣೆಯ ಕಡತ, ರಮ್ಯ ಕಾದಂಬರಿ ಈ ಮೂರನ್ನೂ ಬೇರೆ ಬೇರೆ ಜಾತಿಯ ಬರಹಗಳೆಂದು ಭಾವಿಸುವುದು ಪೂರ್ತಿ ಸರಿಯಲ್ಲ. ಮೂರರಲ್ಲಿಯೂ ನೋಡುವವನೊಬ್ಬನೇ, ನೋಡಿಸಿಕೊಂಡವರು ಮೌನಿಗಳು. ರೇಮಂಡನ ಸಮಾಧಿ ಮೂಸಾರಾಂಬಾಗಿನ ಬಳಿ, ರೆಸಿಡೆನ್ಸಿಯ ಸೌಧ ಕೋಠಿಯಲ್ಲಿ ಇಂದಿಗೂ ನಿಂತಿವೆ. ಅವುಗಳ ನಡುವಿನ ಮೌನವನ್ನು ಓದುವ ಹೊಣೆ ಕನ್ನಡ ಸಂಶೋಧಕರ ಮೇಲೂ ಇದೆ; ಶ್ರೀರಂಗಪಟ್ಟಣದ ಪತನದ ಒಂದು ಅಧ್ಯಾಯ ಬರೆಯಲ್ಪಟ್ಟುದು ಇಲ್ಲಿಯೇ.